ಮೂಲೆ ಟೇಬಲ್ಲಿನ ಇನ್ನೊಬ್ಬರು

ನನ್ನ ಹೆಂಡತಿ ನನಗೋಸ್ಕರ ಮೀನು ಬಿಟ್ಟವಳು. ಈ ಮಾತನ್ನು ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ನಾಮಕರಣಗಳಲ್ಲಿ, ಆಫೀಸಿನ ಎಷ್ಟು ಊಟದ ಬಿಡುವುಗಳಲ್ಲಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಯಾರಾದರೂ ಹೆಂಡತಿ ಕೊಡಿಸಿದ ವಾಚು ತೋರಿಸಿದರೆ, ಇನ್ಯಾರೋ ತನಗಾಗಿ ಕೆಲಸ ಬಿಟ್ಟು ಬಂದವಳ ಕಥೆ ಹೇಳಿದರೆ, ಅವರ ಮಾತು ಮುಗಿಯುವ ತನಕ ಸುಮ್ಮನೆ ಕೂತಿದ್ದು, ಗಂಟಲು ಸರಿಮಾಡಿಕೊಂಡು, ನಮ್ಮವಳ ಮೀನಿನ ವಿಷಯ ತೆಗೆಯುತ್ತಿದ್ದೆ. ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡೋದಕ್ಕೆ ಇನ್ನೇನು ಉಳಿದಿರುತ್ತೆ ಹೇಳಿ?

ನಾವು ಮೈಸೂರಿನವರು. ಮೊಟ್ಟೆ ಅನ್ನುವ ಪದ ಕೇಳಿದರೂ ಮುಖ ಕಿವುಚುವ ಮನೆ ನಮ್ಮದು. ಅವಳು ಉಡುಪಿ ಕಡೆಯವಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅವಳಪ್ಪ ಇಡೀ ಆಯಸ್ಸು ಹೋಟೆಲ್ ಲೈನಿನಲ್ಲೇ ಕಳೆದವರು. ಮನೆಯೊಳಗೆ ತುಳು, ಬಿಲ್ಡಿಂಗಿನ ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಹೀಗೆ ಮೂರು ನಾಲಿಗೆ ಇಟ್ಟುಕೊಂಡು ಬೆಳೆದ ಹುಡುಗಿ. ನಾನು ನವಿ ಮುಂಬೈಯ ಐರೋಲಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಟೀಮಿನಲ್ಲಿದ್ದಳು. ಪರಿಚಯವಾಯಿತು, ಬೆಳೆಯಿತು, ಎರಡೂ ಮನೆಯಲ್ಲಿ ಮುಖ ಊದಿತು, ಕೊನೆಗೆ ಎರಡೂ ಮನೆಯವರು ಸುಸ್ತಾಗಿ ಒಪ್ಪಿಕೊಂಡರು.

ನಿಶ್ಚಿತಾರ್ಥದ ದಿನ ಅಮ್ಮ ಒಂದೇ ಒಂದು ಮಾತು ಹೇಳಿದ್ದಳು, ನಮ್ಮ ಅಡುಗೆಮನೆಗೆ ಅದು ಬರದಿದ್ದರೆ ಸಾಕು ಅಂತ. ಇವಳು ಎದ್ದು ನಿಂತು, ಅಡುಗೆಮನೆ ಮಾತ್ರ ಅಲ್ಲ ಅತ್ತೆ, ನಾನು ಬಿಟ್ಟೇ ಬಿಡ್ತೇನೆ ಅಂದುಬಿಟ್ಟಳು. ಯಾರೂ ಕೇಳಿರಲಿಲ್ಲ. ಸೋಮವಾರ ಒಂದು ಬಿಟ್ಟು ದಿನಾ ಮೀನು ತಿಂದು ಬೆಳೆದವಳು. ನನ್ನ ಎದೆ ಆವತ್ತು ಉಬ್ಬಿದ್ದು ಆಮೇಲೆ ಇಳಿಯಲೇ ಇಲ್ಲ. ಅಪ್ಪ ಹೋದ ಮೇಲೆ ನಾವು ಮೈಸೂರಿಗೇ ಬಂದು ಅಮ್ಮನ ಜೊತೆ ಇದ್ದೆವು. ಇವಳು ನಮ್ಮ ಹುಳಿ, ಸಾರು, ತೊವ್ವೆ ಎಲ್ಲ ಕಲಿತಳು. ಅವಳ ‘ಉಂಟು’ ಹೋಗಿ ‘ಇದೆ’ ಬಂತು, ‘ಎಂತ’ ಹೋಗಿ ‘ಏನು’ ಬಂತು. ಬೇಸಿಗೆಯಲ್ಲಿ ಒಂದು ಸಲ ತವರಿಗೆ ಹೋಗಿಬರುತ್ತಿದ್ದಳು. ಠಾಣೆಯ ಮಾಜಿವಾಡಾದಲ್ಲಿ ಅಮ್ಮನ ತಂಗಿ ಇದ್ದಾಳೆ, ಹಾಗಾಗಿ ಅಮ್ಮನೂ ಅದೇ ರೈಲು ಹತ್ತುತ್ತಿದ್ದಳು. ನನಗೆ ಆಫೀಸು. ಸ್ಟೇಷನ್ನಿಗೆ ಬಿಟ್ಟು ಬರುವುದಷ್ಟೇ ನನ್ನ ಕೆಲಸ.

ಹೋದ ಡಿಸೆಂಬರಿನಲ್ಲಿ ನಾನೊಂದು ದೊಡ್ಡ ಮನಸ್ಸು ಮಾಡಿದೆ. ನಾವು ಮದುವೆಯಾದ ದಿನ ಹತ್ತಿರ ಬರುತ್ತಿತ್ತು. ಈ ಸಲ ನಾವಿಬ್ಬರೇ ರಜಕ್ಕೆ ಹೋಗೋಣ, ಐರೋಲಿ ಕಡೆಯ ಬೇಲಾಪುರದಲ್ಲಿ ಒಳ್ಳೇ ಹೋಟೆಲಿನಲ್ಲಿ ರೂಮು ಮಾಡೋಣ, ನಾವು ಓಡಾಡಿದ ಜಾಗಗಳನ್ನೆಲ್ಲ ನೋಡಿಕೊಂಡು ಬರೋಣ ಅಂದೆ. ಅವಳಿಗೆ ಹೇಳದೆ ಇಟ್ಟುಕೊಂಡದ್ದು ಇನ್ನೊಂದಿತ್ತು. ಮದುವೆಯ ದಿನದ ಸಂಜೆ ಅವಳನ್ನು ಆ ಊರಿನ ಅತಿ ಒಳ್ಳೆಯ ಮೀನಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಇವತ್ತು ನಿನಗೆ ಏನು ಬೇಕೋ ತಿನ್ನು, ನನಗೇನೂ ಬೇಜಾರಿಲ್ಲ ಅನ್ನುವುದು. ಅವಳ ಕಣ್ಣಲ್ಲಿ ನೀರು ಬರುತ್ತದೆ, ಬೇಡ ಅನ್ನುತ್ತಾಳೆ, ನಾನು ಒತ್ತಾಯ ಮಾಡುತ್ತೇನೆ, ಅಷ್ಟು ವರ್ಷದ ಮೇಲೆ ಮೊದಲನೇ ತುತ್ತು ನನ್ನ ಎದುರಿಗೆ, ನನ್ನ ಅಪ್ಪಣೆಯಿಂದ. ಇದನ್ನೆಲ್ಲ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿಕೊಂಡು ಮತ್ತೆ ಮತ್ತೆ ಕಣ್ಣಿಗೆ ಕಟ್ಟಿಕೊಂಡಿದ್ದೆ. ಮುಂದಿನ ಮದುವೆ ಮನೆಯಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವ ಹಾಗಿರಲಿಲ್ಲ.

ಫೋನಿನಲ್ಲಿ ಹುಡುಕಿ, ಜನ ಬರೆದದ್ದೆಲ್ಲ ಓದಿ, ಸೀವುಡ್ಸ್ ಹತ್ತಿರ ಒಂದು ಜಾಗ ಆರಿಸಿದ್ದೆ. ಆವತ್ತು ಮಧ್ಯಾಹ್ನ ಅಲ್ಲೇ ಹಿಂದೆ ನೀರು ನಿಲ್ಲುವ ಕಡೆ ಫ್ಲೆಮಿಂಗೊ ನೋಡಿ ಬಂದು, ರೂಮಿನಲ್ಲಿ ಸ್ವಲ್ಪ ಮಲಗಿ, ಕತ್ತಲಾಗುವ ಹೊತ್ತಿಗೆ ಟ್ಯಾಕ್ಸಿ ಹತ್ತಿದೆವು. ಎಲ್ಲಿಗೆ ಅಂತ ಅವಳು ಕೇಳಿದಳು, ಸುಮ್ಮನೆ ಬಾ ಅಂದೆ. ಟ್ಯಾಕ್ಸಿ ಆ ಬೀದಿಗೆ ತಿರುಗಿದ್ದೇ ತಡ, ಅವಳ ಮುಖ ಬಣ್ಣಗೆಟ್ಟಿತು. ಇಲ್ಲಿ ಬೇಡ ರೀ, ನಿಮಗೆ ಇಲ್ಲಿ ತಿನ್ನೋದಕ್ಕೆ ಏನಿರುತ್ತೆ, ಸ್ಟೇಷನ್ ಹತ್ತಿರ ಒಳ್ಳೆ ಇಡ್ಲಿ ಸಿಗುತ್ತೆ ಅಂದಳು. ನನಗಂತೂ ಮನಸ್ಸು ತುಂಬಿಬಂತು. ನೋಡಿ, ವಾಸನೆ ಬರುವ ಮೊದಲೇ ಬೇಡ ಅನ್ನುತ್ತಾಳಲ್ಲ, ಎಂಥ ಹೆಂಗಸು ಅಂದುಕೊಂಡೆ.

ಬಾಗಿಲು ಕಾಯುವವನು ಅವಳನ್ನು ನೋಡಿ ನಕ್ಕ. ನನ್ನನ್ನು ನೋಡಿ ನಗಲಿಲ್ಲ, ಬರೇ ಬಾಗಿಲು ತೆಗೆದ. ಒಳಗೆ ಕ್ಯಾಪ್ಟನ್, ಅಂದರೆ ವೇಟರುಗಳ ಮೇಲಿನವರು, ಬಂದರು. ಕರಿ ಕೋಟು, ಅಚ್ಚುಕಟ್ಟಾಗಿ ಕತ್ತರಿಸಿದ ಬಿಳಿ ಬೆರೆತ ಗಡ್ಡ, ನನಗಿಂತ ಒಂದು ಗೇಣು ಎತ್ತರ. “ಬಲೆ ಅಕ್ಕ, ಬಲೆ” ಅಂತ ತುಳುವಿನಲ್ಲಿ ಕರೆದು, ಅದೇನೋ ಕೇಳಿದರು. ಇವಳು ತಲೆ ತಗ್ಗಿಸಿ ಅದೇ ಭಾಷೆಯಲ್ಲಿ ಏನೋ ಗೊಣಗಿದಳು. ನನ್ನ ಕಡೆ ತಿರುಗಿ, ನಮ್ಮ ಯಜಮಾನ್ರು ಅಂತ ಪರಿಚಯ ಮಾಡಿದಳು. ಅವರು ನನಗೆ ಮರ್ಯಾದೆ ಕೊಡಬೇಕೆಂದು ಕನ್ನಡಕ್ಕೆ ಬಂದರು. ಆ ಮರ್ಯಾದೆಯೇ ನನ್ನ ಗ್ರಹಚಾರ.

“ಮೂಲೆ ಟೇಬಲ್ ಖಾಲಿ ಉಂಟು ಅಕ್ಕ, ನಿಮ್ದೇ. ಈ ಸಲ ಇನ್ನೊಬ್ರು ಬರ್ಲಿಲ್ವಾ?”

ಯಾವ ಇನ್ನೊಬ್ಬರು? ಯಾವ ಮೂಲೆ ಟೇಬಲ್? ಈ ಸಲ ಅಂದರೆ ಮುಂಚೆ ಎಷ್ಟು ಸಲ? ಇವಳು ಇಲ್ಲ ಅಂತ ತಲೆ ಆಡಿಸಿ, ನೆಟ್ಟಗೆ ಆ ಮೂಲೆಗೆ ನಡೆದು, ಯಾವ ಕುರ್ಚಿ ಅಂತ ಯೋಚನೆ ಕೂಡ ಮಾಡದೆ ಕೂತಳು. ನಾನು ಅವಳ ಎದುರಿನ ಕುರ್ಚಿಯಲ್ಲಿ ಕೂತೆ. ಆ ಕುರ್ಚಿ ಯಾರದೋ ಅನ್ನುವುದು ಕೂತ ಮೇಲೆ ಹೊಳೆದು, ಕೆಳಗಿನಿಂದ ಮುಳ್ಳು ಚುಚ್ಚಿದ ಹಾಗಾಯಿತು.

ಯಾರು ಅಂತ ಕೇಳಿದೆ. ಊಟ ಆಗಲಿ, ಹೇಳ್ತೀನಿ ಅಂದಳು. ಈಗಲೇ ಹೇಳು ಅಂದೆ. ನಾನು ಮಾತು ಕೊಟ್ಟಿದ್ದೀನಿ ರೀ, ಕೇಳಬೇಡಿ ಅಂದಳು. ಉರಿಯೋ ಬೆಂಕಿಗೆ ತುಪ್ಪ ಸುರಿಯೋದು ಅಂದರೆ ಇದು. ಮಾತು ಕೊಟ್ಟಿದ್ದಾಳಂತೆ! ನನಗೆ ಕೊಟ್ಟ ಮಾತು ಒಂದಿತ್ತಲ್ಲ, ಅದೆಲ್ಲಿಗೆ ಹೋಯಿತು ಅಂತ ಕೇಳುವಷ್ಟರಲ್ಲಿ ತಟ್ಟೆಯ ಮೇಲೆ ಮಂಜುಗಡ್ಡೆ ಹರಡಿ, ಅದರ ಮೇಲೆ ಹಸಿ ಮೀನು ಸಾಲಾಗಿ ಮಲಗಿಸಿಕೊಂಡು ಕ್ಯಾಪ್ಟನ್ ಬಂದರು. ಇಂಥ ಹೋಟೆಲುಗಳಲ್ಲಿ ಹಾಗಂತೆ, ಯಾವ ಮೀನು ಬೇಕೋ ನೋಡಿ ಮುಟ್ಟಿ ಆರಿಸಬೇಕು.

ಆಗ ನನ್ನ ಹೆಂಡತಿ ಏನು ಮಾಡಿದಳು ಗೊತ್ತೇ? ಬಳೆ ಮೇಲಕ್ಕೆ ಸರಿಸಿದಳು. ಒಂದೊಂದೇ ಮೀನಿನ ಕಿವಿರು ಬೆರಳಿಂದ ಎತ್ತಿ ಒಳಗಿನ ಕೆಂಪು ನೋಡಿದಳು, ಹೊಟ್ಟೆ ಒತ್ತಿ ಬಿಟ್ಟಳು, ಒಂದನ್ನು ಪಕ್ಕಕ್ಕೆ ತಳ್ಳಿ, ಇದು ನಿನ್ನೆಯದ್ದು ಮಾರಾಯ್ರೆ, ನನಗೆ ತೋರಿಸ್ಬೇಡಿ ಅಂದಳು. ಮಾರಾಯ್ರೆ! ಕ್ಯಾಪ್ಟನ್ ನಕ್ಕು, ನಿಮ್ಮ ಕಣ್ಣಿಗೆ ಮಣ್ಣು ಹಾಕ್ಲಿಕ್ಕೆ ಆಗುದಿಲ್ಲ ಅಕ್ಕ ಅಂದರು. ಅವಳೂ ನಕ್ಕಳು. ಮೈಸೂರಿನಲ್ಲಿ ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಇಲ್ಲಿ ಹಲ್ಲೆಲ್ಲ ಕಾಣುವ ಹಾಗೆ, ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗೆ ನಾನು ಐರೋಲಿಯಲ್ಲಿ ಕಂಡದ್ದು, ಆಮೇಲೆ ಅದು ವಯಸ್ಸಿನ ಜೊತೆ ಹೋಯಿತು ಅಂದುಕೊಂಡಿದ್ದೆ. ಹೋಗಿರಲಿಲ್ಲ. ಇಲ್ಲಿಗೆ ಬಂದು ಕೂತಿತ್ತು.

ನಾನೇನು ಕಡಿಮೆ ಅಂತ ನಾನೂ ಕೈ ಹಾಕಿದೆ. ವಾರಕ್ಕೊಮ್ಮೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ತರಕಾರಿ ಆರಿಸಿ ತರುವವನು ನಾನು, ನನ್ನ ಬೆಂಡೆಕಾಯಿ ಬಗ್ಗೆ ಬೀದಿಯಲ್ಲಿ ಯಾರೂ ಎರಡು ಮಾತಾಡುವ ಹಾಗಿಲ್ಲ. ಒಂದು ಉದ್ದನೆಯ ಮೀನು ಹಿಡಿದು, ಎಳೆಯದೋ ಬಲಿತದ್ದೋ ನೋಡೋಣ ಅಂತ, ಅದರ ಬಾಲದ ತುದಿಯನ್ನು ಹೆಬ್ಬೆರಳಿನಿಂದ ಪಟ್ಟಂತ ಬಗ್ಗಿಸಿದೆ. ಮುರಿಯಲಿಲ್ಲ, ಜಾರಿತು. ಮೀನು ಮೇಜಿನಿಂದ ನನ್ನ ತೊಡೆಗೆ, ತೊಡೆಯಿಂದ ನೆಲಕ್ಕೆ. ಕ್ಯಾಪ್ಟನ್ ಗಂಭೀರವಾಗಿ ಬಗ್ಗಿ ಎತ್ತಿಕೊಂಡರು. ಇವ್ರು ಬೆಂಡೆಕಾಯಿ ನೋಡಿದ ಹಾಗೆ ನೋಡಿದ್ರು ಅಂತ ಇವಳು ತುಳುವಿನಲ್ಲೇ ಹೇಳಿದಳು ಅಂತ ಕಾಣುತ್ತೆ, ಯಾಕೆಂದರೆ ಅಷ್ಟು ಹೊತ್ತು ತಡೆದ ನಗು ಅವರ ಬಾಯಿಂದ ಆಗ ಹೊರಬಿತ್ತು. ನನ್ನ ಪ್ಯಾಂಟಿನಿಂದ ಸಮುದ್ರದ ವಾಸನೆ ಏಳುತ್ತಿತ್ತು, ಮತ್ತು ನನ್ನ ಹೆಂಡತಿ ಇನ್ನೊಬ್ಬ ಗಂಡಸಿನ ಜೊತೆ ಸೇರಿ ನನ್ನನ್ನು ನೋಡಿ ನಗುತ್ತಿದ್ದಳು.

ಎರಡು ಕಾಣೆ ಮೀನು ರವೆ ಹಾಕಿ ಹುರಿಯುವುದಕ್ಕೆ, ಬಂಗುಡೆಯ ಹುಳಿಖಾರದ ಪುಳಿಮುಂಚಿ, ನೀರುದೋಸೆ ಅಂತ ಅವಳು ಹೇಳಿದಳು. ನನಗೆ ಅನ್ನ, ದಾಳಿ ತೊವ್ವೆ, ಕುಡಿಯುವುದಕ್ಕೆ ತೆಂಗಿನಹಾಲಿನ ಸೋಲ್‌ಕಡಿ. ಕ್ಯಾಪ್ಟನ್ ಹೋದರು. ನನ್ನ ತಲೆಯೊಳಗೆ ಮಾತೇ ಮಾತು. ಐರೋಲಿಯ ಆಫೀಸಿನಲ್ಲಿ ಒಬ್ಬನಿದ್ದ, ಮಂಗಳೂರಿನವನು, ಡಬ್ಬಿಯಲ್ಲಿ ದಿನಾ ಮೀನು ತಂದು ಇವಳ ಮುಂದೆ ಮುಚ್ಚಳ ತೆಗೆಯುತ್ತಿದ್ದ. ಈಗ ಬೇಲಾಪುರದಲ್ಲೇ ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ ಅಂತ ಇವಳೇ ಒಂದು ಸಲ ಹೇಳಿದ್ದಳು. ಯಾಕೆ ಹೇಳಿದಳು? ಅವನು ದೊಡ್ಡ ಹುದ್ದೆಯಲ್ಲಿದ್ದರೆ ನಮ್ಮನೆಗೇನು? ಅವಳು ಬೇಸಿಗೆಯಲ್ಲಿ ಡೊಂಬಿವಲಿಗೆ ಹೋಗುವುದು, ನಾನು ಮೈಸೂರಿನಲ್ಲಿ ಅಮ್ಮನೂ ಇಲ್ಲದ ಮನೆಯಲ್ಲಿ ಮೆಸ್ಸಿನ ಊಟ ತಿನ್ನುವುದು, ಇಲ್ಲಿ ಇವರಿಬ್ಬರೂ ಈ ಮೂಲೆಯಲ್ಲಿ ಕೂತು, ಅವನು ಮುಳ್ಳು ಬಿಡಿಸಿ ಬಿಡಿಸಿ ಇವಳ ತಟ್ಟೆಗೆ ಹಾಕುವುದು. ಮುಳ್ಳು ಬಿಡಿಸುವುದು ಹೇಗೆ ಅಂತಲೂ ನನಗೆ ಗೊತ್ತಿಲ್ಲ, ಆದರೂ ಅವನ ಬೆರಳುಗಳು ಕಣ್ಣೆದುರು ಕುಣಿದವು. ಅಯ್ಯೋ, ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುವುದು ಸುಳ್ಳಲ್ಲ.

ನಾನು ಬಂದದ್ದು ಏನಕ್ಕೆ, ಆಗುತ್ತಿರುವುದು ಏನು! ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಡುವುದಕ್ಕೆ ಬಂದವನು, ಅಪ್ಪಣೆ ಯಾರಿಗೂ ಬೇಕಾಗಿಲ್ಲ ಅಂತ ತಿಳಿದುಕೊಂಡು ಮೀನಿನ ವಾಸನೆ ಹೊತ್ತು ಕೂತಿದ್ದೆ.

ಅವಳ ಮೀನು ಬಂತು. ನನ್ನ ಊಟ ತರುವಾಗ ಕ್ಯಾಪ್ಟನ್ ಕೈಯಲ್ಲಿ ಒಂದು ಬಟ್ಟೆಯ ಚೀಲವೂ ಇತ್ತು. ಸರ್ ಪ್ಯೂರ್ ವೆಜ್ ಅಲ್ವಾ, ನಮ್ಮ ಪ್ಲೇಟಿನಲ್ಲಿ ಕೊಟ್ರೆ ನಿಮ್ಗೆ ಸಮಾಧಾನ ಆಗ್ಲಿಕ್ಕಿಲ್ಲ, ನಿಮ್ಮವ್ರದ್ದೇ ಬೇರೆ ತಟ್ಟೆ ಇಲ್ಲಿ ಇಟ್ಟಿದ್ದಾರೆ, ಮೀನು ಮುಟ್ಟಿದ್ದಲ್ಲ ಅಂದರು. ಇವಳು, ಬೇಡ, ಅದು ಬೇಡ ಅಂತ ಕೈ ಚಾಚುವುದರೊಳಗೆ ಅವರು ಸ್ಟೀಲಿನ ತಟ್ಟೆ, ಲೋಟ ತೆಗೆದು ಒರೆಸಿ ನನ್ನ ಮುಂದೆ ಇಟ್ಟಾಗಿತ್ತು.

ತಟ್ಟೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಸಿತ್ತು. ಪಾತ್ರೆ ಅಂಗಡಿಯಲ್ಲಿ ಮಿಷಿನ್ ಹಿಡಿದು ಕೊರೆದು ಕೊಡುತ್ತಾರಲ್ಲ, ಹಾಗೆ. ಅಪ್ಪನ ಇನಿಷಿಯಲ್ಲು, ಅಪ್ಪನ ಹೆಸರು, ಪಕ್ಕದಲ್ಲಿ ನನ್ನ ಮುಂಜಿಯ ವರ್ಷ. ಆ ತಟ್ಟೆಯ ಜೊತೆಯವು ಇವತ್ತಿಗೂ ಮೈಸೂರಿನ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿವೆ. ಲೋಟದ ಮೇಲೂ ಅದೇ.

ನಾನು ತಟ್ಟೆ ನೋಡಿದೆ, ಅವಳನ್ನು ನೋಡಿದೆ. ಅವಳು ಮೀನಿನ ತುಂಡು ಕೈಯಲ್ಲೇ ಹಿಡಿದು ಕೂತಿದ್ದಳು.

“ಅಮ್ಮನಾ?” ಅಂದೆ.

“ಅತ್ತೆಯೇ” ಅಂದಳು.

ಆಮೇಲೆ ಎಲ್ಲ ಹೇಳಿದಳು, ತಿನ್ನುತ್ತಲೇ ಹೇಳಿದಳು, ಯಾಕೆಂದರೆ ಕಾಣೆ ಮೀನು ಆರಿದರೆ ಚೆನ್ನಾಗಿರಲ್ಲವಂತೆ. ಮದುವೆಯಾದ ಮೇಲೆ ಅವಳು ತವರಿಗೆ ಹೋದರೆ ಅಲ್ಲಿಯೂ ಮೀನಿಲ್ಲ. ಮಗಳು ಬಿಟ್ಟಿದ್ದಾಳೆ, ಅವಳ ಮುಂದೆ ಮಾಡಿ ಆಸೆ ಹುಟ್ಟಿಸಬಾರದು ಅಂತ ಅವಳಪ್ಪ, ಅವಳು ಇದ್ದಷ್ಟು ದಿನವೂ ಮನೆಗೆ ಮೀನು ತರಿಸುತ್ತಿರಲಿಲ್ಲ. ಬೀಗರ ಮನೆಗೆ ಕೊಡುವ ಮರ್ಯಾದೆ ಅದು, ಹೋಟೆಲಿನಲ್ಲಿ ಆಯಸ್ಸು ಕಳೆದ ಮನುಷ್ಯನಿಗೆ ಇಂಥದ್ದರಲ್ಲೆಲ್ಲ ಬಹಳ ಶಿಸ್ತು. ಒಂದು ಬೇಸಿಗೆಯಲ್ಲಿ ಅಮ್ಮ ಮಾಜಿವಾಡಾದಿಂದ ಬೀಗರನ್ನು ನೋಡಿ ಬರೋಣ ಅಂತ ಡೊಂಬಿವಲಿಗೆ ಹೋಗಿದ್ದಾಳೆ. ಆಗ ಮೇಲಿನ ಮನೆಯವರು ಏನೋ ಹುರಿಯುತ್ತಿದ್ದರಂತೆ. ಇವಳು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಲ್ಲಿ ನಿಂತೇ ಇದ್ದಳಂತೆ, ಒಣಹಾಕುವ ಬಟ್ಟೆ ಮುಗಿದಿದ್ದರೂ. ಅಮ್ಮ ಹಿಂದಿನಿಂದ ಬಂದು ನಿಂತು, ಏನೂ ಕೇಳದೆ, ನಾಳೆ ನನ್ನನ್ನ ಎಲ್ಲಿಗಾದರೂ ಕರ್ಕೊಂಡು ಹೋಗು, ನಮ್ಮವರು ಯಾರೂ ಸಿಗದಂಥ ಕಡೆ ಅಂದಳಂತೆ.

ಠಾಣೆಯಿಂದ ನವಿ ಮುಂಬೈ ಕಡೆಯ ಲೋಕಲ್ಲಿನಲ್ಲಿ, ಲೇಡೀಸ್ ಡಬ್ಬಿಯಲ್ಲಿ, ಅತ್ತೆ ಸೊಸೆ ಇಬ್ಬರೂ ಬಂದಿದ್ದಾರೆ. ಅಮ್ಮ ತನ್ನ ತಂಗಿಗೆ ದೇವಸ್ಥಾನ ಅಂತ ಹೇಳಿದ್ದಾಳೆ. ಇವಳು ತಾಯಿಗೆ ಅತ್ತೆಯ ಜೊತೆ ಶಾಪಿಂಗ್ ಅಂತ ಹೇಳಿದ್ದಾಳೆ. ಮೊದಲ ಸಲ ಅಮ್ಮ ನೀರೂ ಮುಟ್ಟಲಿಲ್ಲವಂತೆ. ಮುಂದಿನ ವರ್ಷ ಮೈಸೂರಿನಿಂದಲೇ ಟ್ರಂಕಿನಲ್ಲಿ ತಟ್ಟೆ ಲೋಟ ಇಟ್ಟುಕೊಂಡು ಬಂದು, ಇದನ್ನ ಬೇರೆ ತೊಳೆದು ಬೇರೆ ಇಡಿ ಅಂತ ಕ್ಯಾಪ್ಟನ್ ಕೈಗೆ ಕೊಟ್ಟಳಂತೆ. ಆಮೇಲಿನಿಂದ ಪ್ರತಿ ಬೇಸಿಗೆಯೂ ಇವಳಿಗೆ ಮೀನು, ಅಮ್ಮನಿಗೆ ಆ ತಟ್ಟೆಯಲ್ಲಿ ಅನ್ನ ತೊವ್ವೆ.

ಮೂಲೆಯಲ್ಲಿ ಕೂತವನು ಆ ಮಂಗಳೂರಿನವನಲ್ಲ ಅಂತ ಗೊತ್ತಾದ ಮೇಲೆ ನನಗೆ ಸಮಾಧಾನ ಆಗಬೇಕಿತ್ತು. ಆಯಿತು, ಒಂದು ಲೋಟ ಸೋಲ್‌ಕಡಿ ಕುಡಿಯುವಷ್ಟು ಹೊತ್ತು. ಆಮೇಲೆ ಇನ್ನೊಂದು ಉರಿ ಶುರುವಾಯಿತು, ಇದು ಮೊದಲಿನದಕ್ಕಿಂತ ಜೋರು. ಅವನಾಗಿದ್ದರೆ ಜಗಳ ಆಡಬಹುದಿತ್ತು, ಕಾಲರ್ ಹಿಡಿಯಬಹುದಿತ್ತು, ಕಡೇ ಪಕ್ಷ ಬೈಯಬಹುದಿತ್ತು. ಅಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರಿಗೆ ಹೇಳಿಕೊಳ್ಳುವುದು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ನಡೆಯುತ್ತಿದೆ, ಅದರಲ್ಲಿ ನನಗೆ ಜಾಗವಿಲ್ಲ.

ಅಷ್ಟು ಹೊತ್ತು ಕೂತು ಏನು ಮಾತಾಡ್ತೀರಿ ಅಂತ ಕೇಳಿದೆ. ನನ್ನ ಬಗ್ಗೆ ಅನ್ನುತ್ತಾಳೆ, ಬೈದಿರುತ್ತಾರೆ, ಬೈದರೂ ಪರವಾಗಿಲ್ಲ ಅಂತ ಸಿದ್ಧವಾಗಿದ್ದೆ. ಅವಳು ನಿಜವಾಗಿಯೂ ಯೋಚನೆ ಮಾಡಿದಳು. ನಿಮ್ಮ ಮಾತು ಅಷ್ಟಾಗಿ ಬರಲ್ಲ ಅಂದಳು. ಅಮ್ಮ ಒಂದೊಂದು ಮೀನಿನ ಹೆಸರು ಕೇಳುತ್ತಾಳಂತೆ, ಯಾವುದಕ್ಕೆ ಮುಳ್ಳು ಹೆಚ್ಚು, ಯಾವುದು ಮಳೆಗಾಲದಲ್ಲಿ ಸಿಗಲ್ಲ ಅಂತ ಕೇಳಿ ತಿಳಿದುಕೊಳ್ಳುತ್ತಾಳಂತೆ. ಇವಳು ಅವಸರದಲ್ಲಿ ತಿಂದರೆ, ನಿಧಾನ, ಮುಳ್ಳು ಸಿಕ್ಕೀತು ಅಂತ ಗದರುತ್ತಾಳಂತೆ. ಎರಡು ಲೋಟ ಸೋಲ್‌ಕಡಿ ಕುಡಿಯುತ್ತಾಳಂತೆ. ತನ್ನ ಚಿಕ್ಕಂದಿನ ಮಾತು ಹೇಳುತ್ತಾಳಂತೆ, ಶಾಲೆಯಲ್ಲಿ ನಾಟಕಕ್ಕೆ ಮೀಸೆ ಅಂಟಿಸಿಕೊಂಡು ರಾಜನ ಪಾರ್ಟು ಮಾಡಿದ್ದು, ಅದಕ್ಕೆ ತಾತ ಹೊಡೆದದ್ದು. ಅಮ್ಮ ರಾಜನ ಪಾರ್ಟು ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನು, ಈ ವಿಷಯವನ್ನು ಮೀನಿನ ಹೋಟೆಲಿನಲ್ಲಿ ಕೂತು ಕೇಳಬೇಕಾಯಿತು.

ನನ್ನಿಂದ ಯಾಕೆ ಮುಚ್ಚಿಟ್ಟಿರಿ, ನಾನು ಬೇಡ ಅಂತಿದ್ದೆನಾ ಅಂದೆ. ದನಿ ಸ್ವಲ್ಪ ಏರಿತ್ತು, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಇವಳು ಬೆರಳು ಒರೆಸಿಕೊಂಡಳು.

“ತಟ್ಟೆ ತಂದ ವರ್ಷವೇ ನಾನು ನಿಮಗೆ ಹೇಳೋಣ ಅಂದೆ. ಅತ್ತೆ ಬೇಡ ಅಂದ್ರು. ಅವನು ಊರಿಗೆಲ್ಲ ಹೇಳ್ಕೊಂಡು ತಿರುಗ್ತಾನೆ ಕಣೆ, ಹೇಳ್ಕೊಳ್ಳಲಿ ಬಿಡು, ಅದನ್ನ ಕಿತ್ಕೊಂಡ್ರೆ ಅವನ ಹತ್ರ ಹೇಳ್ಕೊಳ್ಳೋಕೆ ಇನ್ನೇನಿದೆ ಅಂದ್ರು.”

ಅಮ್ಮ ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಟಿಕೆ ಹಿಡಿದು ಮಲಗಿದ ಮಗುವಿನ ಕೈಯಿಂದ ಅದನ್ನು ತೆಗೆಯಬೇಡಿ ಅಂತ ಹೇಳುವ ಹಾಗೆ ಹೇಳಿಬಿಟ್ಟಿದ್ದಾಳೆ, ಅದೂ ನನ್ನ ಹೆಂಡತಿಗೆ, ನನ್ನ ಮುಂಜಿಯ ತಟ್ಟೆಯಲ್ಲಿ ಉಣ್ಣುತ್ತಾ.

ಸರಿ, ಈ ಬೇಸಿಗೆಯಲ್ಲಿ ನಾನೂ ರಜೆ ಹಾಕಿ ಬರ್ತೀನಿ, ಮೂರೂ ಜನ ಬರೋಣ ಅಂದೆ. ಕೇಳುವಾಗ ನನ್ನ ದನಿ ನನಗೇ ಹಿಡಿಸಲಿಲ್ಲ, ಆಟಕ್ಕೆ ಸೇರಿಸಿಕೊಳ್ಳಿ ಅಂತ ಗೇಟಿನ ಹತ್ತಿರ ನಿಂತು ಕೇಳುವ ಹುಡುಗರ ದನಿ ಅದು. ಅವಳು ಬೇಡ ಅಂದಳು. ಕೋಪದಿಂದಲ್ಲ. ನನ್ನ ಕೈ ಮೇಲೆ ಕೈ ಇಟ್ಟು ಅಂದಳು, ಮೀನಿನ ಕೈ ಅನ್ನುವುದು ಆಮೇಲೆ ಇಬ್ಬರಿಗೂ ನೆನಪಾಯಿತು.

“ನೀವು ಬಂದ್ರೆ ಅತ್ತೆ ಬಿಸಿಬಿಸಿ ತಿನ್ನಲ್ಲ ರೀ. ನಿಮಗೆ ಬಡಿಸಿ, ನಿಮ್ಮದಾದ ಮೇಲೆ ತಿಂತಾರೆ. ಇಲ್ಲಿ ಅವರು ಮೊದಲು ತಿಂತಾರೆ.”

ಮನೆಯಲ್ಲಿ ಅಮ್ಮ ಯಾವತ್ತೂ ಕೊನೆಗೆ ಉಣ್ಣುವವಳು. ಪಾತ್ರೆಯ ತಳದಲ್ಲಿ ಉಳಿದದ್ದು, ಆರಿದ್ದು, ಅದಕ್ಕೆ ಮಜ್ಜಿಗೆ. ಹೊಸದಾಗಿ ಬಂದ ಸೊಸೆ ಎಷ್ಟು ಹೇಳಿದರೂ ಜೊತೆಗೆ ಕೂರಲಿಲ್ಲ. ನಾನು ಅದನ್ನು ನೋಡಿದ್ದೇನೆ, ಆದರೆ ಗೋಡೆ ನೋಡಿದ ಹಾಗೆ ನೋಡಿದ್ದೇನೆ. ನನ್ನ ಮುಂದೆ ತಟ್ಟೆಯಲ್ಲಿ ತೊವ್ವೆ ಆರಿ ಕೆನೆಗಟ್ಟಿತ್ತು. ಅದನ್ನೇ ಅನ್ನಕ್ಕೆ ಕಲಸಿಕೊಂಡು ತಿಂದೆ. ಅವಳು ಪುಳಿಮುಂಚಿಗೆ ನೀರುದೋಸೆ ಅದ್ದಿ, ಕಣ್ಣು ಅರ್ಧ ಮುಚ್ಚಿ ತಿನ್ನುತ್ತಿದ್ದಳು. ಅವಳ ಆ ಮುಖ ಅಮ್ಮನಿಗೆ ಪ್ರತಿವರ್ಷ ಕಾಣಸಿಗುತ್ತದೆ ಅಂತ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಮ್ಮ ಮೊದಲು ಉಣ್ಣುವ ಮುಖ ಇವಳಿಗೆ ಕಾಣಸಿಗುತ್ತದೆ ಅಂತ ನೆನೆಸಿಕೊಂಡರೂ ಉರಿಯುತ್ತದೆ.

ತಟ್ಟೆಯನ್ನು ಮೈಸೂರಿಗೆ ತೆಗೆದುಕೊಂಡು ಹೋಗಲೇ ಅಂತ ಒಂದು ಕೆಟ್ಟ ಯೋಚನೆ ಬಂತು. ಇವಳಿಗೆ ಅದು ಗೊತ್ತಾಯಿತೋ ಏನೋ, ಊಟ ಆದ ತಕ್ಷಣ ಅವಳೇ ಅದನ್ನು ಚೀಲಕ್ಕೆ ಹಾಕಿ ಕ್ಯಾಪ್ಟನ್ ಕೈಗೆ ಕೊಟ್ಟಳು. ಅಮ್ಮನವರಿಗೆ ಕೇಳಿದ್ದೇನೆ ಅಂತ ಹೇಳಿ ಅಕ್ಕ ಅಂದರು ಅವರು. ನನಗೆ ಮತ್ತೆ ಬನ್ನಿ ಅನ್ನಲಿಲ್ಲ. ಟ್ಯಾಕ್ಸಿಯಲ್ಲಿ ಅವಳು ನನ್ನಿಂದ ಭಾಷೆ ತೆಗೆದುಕೊಂಡಳು, ನನಗೆ ಗೊತ್ತಾಗಿದೆ ಅಂತ ಅಮ್ಮನಿಗೆ ಗೊತ್ತಾಗಬಾರದು, ಗೊತ್ತಾದರೆ ಅವರು ಇನ್ನು ಬರುವುದಿಲ್ಲ ಅಂತ. ಕೊಟ್ಟೆ. ಆ ದಿನದ ಉಡುಗೊರೆ ಅಂತ ಕೊನೆಗೆ ನಾನು ಕೊಟ್ಟದ್ದು ಅಷ್ಟೇ.

ಮೈಸೂರಿಗೆ ಬಂದ ಮೇಲೆ ನಾನು ಅಮ್ಮನನ್ನು ಗಮನಿಸುವುದಕ್ಕೆ ಶುರು ಮಾಡಿದೆ. ಏನೂ ಬದಲಾಗಿರಲಿಲ್ಲ. ಸೊಸೆಗೆ ಕೊತ್ತಂಬರಿ ಬಿಡಿಸಿಕೊಡು ಅನ್ನುವುದು, ಸೊಸೆ ಇವತ್ತು ಉಪ್ಪು ಹೆಚ್ಚು ಅತ್ತೆ ಅನ್ನುವುದು, ಎಲ್ಲ ಮನೆಯ ಹಾಗೆ. ಒಂದು ದಿನ ನಾನು ಬೇಗ ಬಂದು ಅಮ್ಮ, ನೀನು ಮೊದಲು ಊಟ ಮಾಡು, ನಾನು ಬಡಿಸ್ತೀನಿ ಅಂದೆ. ಯಾಕೋ, ಮೈ ಹುಷಾರಿಲ್ಲವಾ ಅಂತ ನನ್ನ ಹಣೆ ಮುಟ್ಟಿ ನೋಡಿದಳು. ಇವಳು ಒಲೆಯ ಕಡೆ ತಿರುಗಿಕೊಂಡು ನಕ್ಕಳು, ಸೆರಗು ಹಿಡಿದು.

ಬೇಸಿಗೆ ಬಂತು. ಎಂದಿನ ಹಾಗೆ ಇಬ್ಬರನ್ನೂ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಇವಳು ಡೊಂಬಿವಲಿಗೆ ಅಂತ ಕಲ್ಯಾಣದಲ್ಲಿ ಇಳಿಯುವಾಗ ಸಾಮಾನು ಸುಲಭವಾಗಲಿ ಅಂತ ಚೀಲಗಳನ್ನು ಬಾಗಿಲ ಕಡೆಗೆ ಜೋಡಿಸಿದೆ, ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದೆ. ಇವಳು ನೀರು ತರುವುದಕ್ಕೆ ಅಂತ ಇಳಿದಿದ್ದಳು. ಅಮ್ಮ ನಾನು ಇಬ್ಬರೇ. ಈಗ ಕೇಳದಿದ್ದರೆ ಇನ್ನೊಂದು ವರ್ಷ ಅನ್ನಿಸಿತು. ಭಾಷೆ ಮುರಿಯುವ ಹಾಗಿಲ್ಲ, ಆದರೆ ಬಾಗಿಲು ಸ್ವಲ್ಪ ತಳ್ಳಿ ನೋಡುವುದಕ್ಕೆ ಏನಡ್ಡಿ? ಅಮ್ಮ ತಾನಾಗಿಯೇ ಹೇಳಿಬಿಟ್ಟರೆ ನಾನೂ ಒಳಗೆ ಸೇರಿದ ಹಾಗೆ.

“ಅಮ್ಮಾ, ಅವಳು ಅಲ್ಲಿಗೆ ಹೋದಾಗ ಮೀನು ಗೀನು ತಿನ್ನೋ ಹಾಗಿದ್ರೆ ತಿನ್ಲಿ ಬಿಡು. ನನಗೇನೂ ಬೇಜಾರಿಲ್ಲ. ನಿಜವಾಗ್ಲೂ” ಅಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ಒಂದು ಗಳಿಗೆ ಅವಳ ಬಾಯಿ ತೆರೆಯಿತು, ಹೇಳಿಯೇಬಿಡುತ್ತಾಳೆ ಅಂದುಕೊಂಡು ನಾನು ಸೀಟಿನ ಅಂಚಿಗೆ ಸರಿದೆ. ಅವಳು ಕೈ ಚಾಚಿ ನನ್ನ ಕಾಲರ್ ಸರಿಮಾಡಿದಳು.

“ಛೆ, ಅವಳು ಅಂಥವಳಲ್ಲ ಕಣೋ. ಅಲ್ಲಿ ಹೋದ್ರೂ ಬಾಯಿಗೆ ಹಾಕಲ್ಲ. ನಿನಗೋಸ್ಕರ ಬಿಟ್ಟಿದ್ದು ಅಂದ್ರೆ ಬಿಟ್ಟಿದ್ದೇ. ನಾನೇ ಕಣ್ಣಾರೆ ನೋಡಿದ್ದೀನಲ್ಲ.”

ಕಣ್ಣು ಒಂದಿಷ್ಟೂ ಅಲುಗಲಿಲ್ಲ. ರಾಜನ ಪಾರ್ಟು ಮಾಡಿದವಳು ಅಂದರೆ ಸುಮ್ಮನೆಯೇ? ಗೊತ್ತಮ್ಮ, ಅವಳ ಹಾಗೆ ಯಾರಿದ್ದಾರೆ ಅಂದೆ. ಅಷ್ಟರಲ್ಲಿ ಇವಳು ನೀರಿನ ಬಾಟಲಿ ಹಿಡಿದು ಬಂದಳು, ನಮ್ಮಿಬ್ಬರ ಮುಖ ನೋಡಿ ಬಾಟಲಿ ಅಮ್ಮನ ಕೈಗೆ ಕೊಟ್ಟಳು. ನಾನು ಇಳಿದು ಕಿಟಕಿಯ ಹತ್ತಿರ ನಿಂತೆ. ಫೋನ್ ಮಾಡಿ, ಹುಷಾರು ಅಂದೆ, ಇಬ್ಬರೂ ತಲೆಯಾಡಿಸಿದರು. ಗಾಡಿ ಇನ್ನೂ ಹೊರಟಿರಲಿಲ್ಲ, ನಾನು ಅಲ್ಲೇ ನಿಂತಿದ್ದೆ, ಅವರು ಆಗಲೇ ಒಬ್ಬರ ಕಡೆ ಒಬ್ಬರು ತಿರುಗಿ ಮಾತಿಗೆ ಕೂತಿದ್ದರು.